ತೂಕದ ಪುಸ್ತಕ

ತ್ಯಾಮಗೊಂಡ್ಲು ಹೋಬಳಿ
ಮಂಗಳವಾರ, 18-11-2025

ಚಿ. ಕುಮಾರಿ ನವ್ಯಶ್ರೀಗೆ ನಿನ್ನ ದೊಡ್ಡಮ್ಮ ಮುನಿತಾಯಮ್ಮ ಮಾಡುವ ಆಶೀರ್ವಾದಗಳು.

ನಾನು ಕ್ಷೇಮ ಅಂತ ಬರೆಯುವುದು ರೂಢಿ. ಕ್ಷೇಮವಾಗಿಲ್ಲ ಮಗಳೇ. ಕೂತರೆ ಏಳೋಣ ಅನ್ನಿಸುತ್ತದೆ, ಎದ್ದರೆ ಯಾಕೆ ಎದ್ದೆ ಅಂತ ಮರೆಯುತ್ತದೆ. ಶನಿವಾರ ಬಾಲಮಂದಿರದಲ್ಲಿ ನಿನ್ನನ್ನು ನೋಡಿ ಬಂದವಳು ಭಾನುವಾರವೇ ಬರೆಯಬೇಕಿತ್ತು. ಮೂರು ಹಾಳೆ ಹರಿದು ಹಾಕಿದೆ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅಲ್ಲಿ ಫೋನ್ ಕೊಡುವುದಿಲ್ಲವಂತೆ, ಕಾಗದವನ್ನೂ ಮೇಡಂ ತಾವು ಓದಿಯೇ ಕೊಡುತ್ತಾರಂತೆ. ಓದಲಿ. ಇದರಲ್ಲಿರುವುದನ್ನು ಗುರುವಾರ ಮಕ್ಕಳ ಕಲ್ಯಾಣ ಸಮಿತಿಯ ಎದುರು ನಾನೇ ಹೇಳುವವಳಿದ್ದೇನೆ.

ಈಗ ಮಧ್ಯಾಹ್ನ ಎರಡು ಗಂಟೆ. ಅಂಗನವಾಡಿಯಲ್ಲಿ ಹನ್ನೊಂದು ಮಕ್ಕಳು ಸಾಲಾಗಿ ಮಲಗಿವೆ. ಒಂದು ಎದ್ದರೆ ಎಲ್ಲವೂ ಏಳುತ್ತವೆ, ಅಷ್ಟರೊಳಗೆ ಮುಗಿಸಬೇಕು.

ಹೋದ ಬುಧವಾರ ಚಪ್ಪರದ ಕೆಳಗಿಂದ, ಅರಿಶಿನದ ಮುಖದಲ್ಲೇ, ಅಧಿಕಾರಿಗಳು ನಿನ್ನನ್ನು ಜೀಪಿಗೆ ಹತ್ತಿಸಿಕೊಂಡು ಹೋದ ಮೇಲೆ ಇಲ್ಲಿ ಏನಾಯಿತು ಅಂತ ನೀನು ಕೇಳಿದ್ದೆ. ಏನಾಗುತ್ತದೆ, ಮಾಡಿದ ಅಡಿಗೆ ಬಿಟ್ಟು ಏಳುವ ಜನವೇ ನಮ್ಮವರು? ಹೊಟ್ಟೆ ತುಂಬ ಉಂಡರು, ಎಲೆಯ ಮುಂದೆ ಕೂತೇ ನನ್ನನ್ನು ಬೈದರು. ಸಂಜೆ ನಿನ್ನಪ್ಪ ಕೆಂಪರಾಜ್ ನಮ್ಮ ಬಾಗಿಲಿಗೆ ಬಂದ. "ಫೋನ್ ಮಾಡಿದ್ದು ನೀನೇ ತಾನೇ ಅಕ್ಕ? ತಂಗಿ ಸತ್ತು ವರ್ಷ ಆಗಿಲ್ಲ, ಅವ್ಳ ಮಗಳ ಮದ್ವೆ ನಿಲ್ಲಿಸ್ಬಿಟ್ಟಲ್ಲ" ಅಂದ. ಕಿರುಚಲಿಲ್ಲ. ಕಿರುಚಿದ್ದರೆ ನಾನೂ ಕಿರುಚಬಹುದಿತ್ತು. ನಿನ್ನ ದೊಡ್ಡಪ್ಪ ಕೊಟ್ಟ ನೀರನ್ನೂ ಮುಟ್ಟದೆ ಹೋದ.

ಅವನು ಕೆಟ್ಟವನಲ್ಲ ನವ್ಯ. ಸೋಂಪುರದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಬಿದ್ದ ವಾರವೆಲ್ಲ ಮನೆಯಲ್ಲಿ ವಯಸ್ಸಾದ ತನ್ನ ತಾಯಿ ಬಿಟ್ಟರೆ ನೀನೊಬ್ಬಳೇ ಅಂತ ಅವನಿಗೆ ಭಯ. ಅದರ ಮೇಲೆ ನಿನ್ನಜ್ಜಿ ದ್ಯಾವಮ್ಮ ದಿನಾ ಕಿವಿ ಊದುತ್ತಿದ್ದಳು. ತಾಯಿ ಸತ್ತ ವರ್ಷದೊಳಗೆ ಮಗಳ ಧಾರೆ ಎರೆದರೆ ಸತ್ತವಳಿಗೆ ಸದ್ಗತಿಯಂತೆ, ವರ್ಷ ದಾಟಿತೋ, ಮೂರು ವರ್ಷ ಮನೆಯಲ್ಲಿ ಶುಭಕಾರ್ಯ ಕೂಡದಂತೆ. ಮುಂದಿನ ತಿಂಗಳು ನಿಮ್ಮಮ್ಮ ಕವಿತಳಿಗೆ ವರ್ಷ ತುಂಬುತ್ತದೆ, ಅದಕ್ಕೇ ಈ ಓಟ. ಬೈರೇಶನೂ ಕೆಟ್ಟವನಲ್ಲ. ನಿನ್ನ ಸೋದರತ್ತೆಯ ಮಗ, ಸ್ವಂತ ಟೆಂಪೊ ಇದೆ, ಕುಡಿಯುವುದಿಲ್ಲ. ಒಳ್ಳೆಯವರೇ ಎಲ್ಲ ಸೇರಿಕೊಂಡು ಹದಿನಾರು ವರ್ಷದವಳನ್ನು ಮೂವತ್ತೊಂದು ವರ್ಷದವನಿಗೆ ಕಟ್ಟಲು ಹೊರಟಿದ್ದರು. ನೀನು ಓದುತ್ತೇನೆ ಅಂದರೆ "ಮದ್ವೆ ಆಗಿ ಓದು, ಬ್ಯಾಡ ಅಂದೋರ್ಯಾರು" ಅನ್ನುತ್ತಿದ್ದರು. ನೆನೆಸಿಕೊಂಡರೆ ಮೈ ಉರಿಯುತ್ತದೆ.

ಈಗ ಆತುರದ ಮಾತು. ನಿನ್ನೆ ಓಲಗದ ಚಿಕ್ಕಬೀರಪ್ಪ ಮೊಮ್ಮಗಳನ್ನು ಬಿಡಲು ಬಂದವನು ಬಾಗಿಲಲ್ಲೇ ನಿಂತ.

"ಭಾನ್ವಾರ ಬೆಳಗ್ಗೆ ದೇವಸ್ಥಾನದ ತಾವ ಬಾ ಅಂದವ್ರೆ ಕಣಮ್ಮ, ನಿಮ್ ಕೆಂಪರಾಜಣ್ಣ. ಡೋಲು ಬ್ಯಾಡವಂತೆ, ಬರೀ ಓಲಗ ಸಾಕಂತೆ. ಸದ್ದಾಗ್ಬಾರ್ದಂತೆ. ಡೋಲಿಲ್ದೆ ನಾನ್ಯಾವ ಮದ್ವೇಲೂ ಊದಿಲ್ಲ."

ಅವನ ದುಃಖ ಡೋಲಿನದು. ನನಗೆ ಕೇಳಿಸಿದ್ದು ಭಾನುವಾರ ಅನ್ನುವ ಮಾತೊಂದೇ.

ಗುರುವಾರ ಏನಾಗುತ್ತದೆ ಅಂತ ಸರಿಯಾಗಿ ತಿಳಿದುಕೋ. ನಿನ್ನನ್ನು ತುರ್ತಾಗಿ ನನ್ನ ಸುಪರ್ದಿಗೆ ಕೊಡಿ ಅಂತ ನಾನು ಅರ್ಜಿ ಕೊಟ್ಟಿದ್ದೇನೆ. ಮಗಳಿಗೆ ಹದಿನೆಂಟು ತುಂಬಿದೆ, ಬಿಟ್ಟುಬಿಡಿ ಅಂತ ನಿನ್ನಪ್ಪನೂ ಕೊಟ್ಟಿದ್ದಾನೆ. ಅವನ ಕೈಯಲ್ಲಿ ನಿನ್ನ ಶಾಲೆಯ ದಾಖಲೆ ಇದೆ. ಅದರಲ್ಲಿ ನೀನು ಹುಟ್ಟಿದ್ದು 10-6-2007. ಅದನ್ನೇ ನಂಬಿದರೆ ನೀನು ಮಗುವಲ್ಲ, ಸಮಿತಿಗೆ ನಿನ್ನ ಮೇಲೆ ಅಧಿಕಾರವೇ ಇಲ್ಲ, ಆ ಕ್ಷಣವೇ ಗೇಟು ತೆಗೆಯಬೇಕು. ಗೇಟಿನ ಹೊರಗೆ ಬೈರೇಶನ ಟೆಂಪೊ ನಿಂತಿರುತ್ತದೆ. ಮೂರನೇ ದಿನಕ್ಕೆ ಭಾನುವಾರ.

ತಾಳು, ಒಬ್ಬಳು ಎದ್ದಳು.

ತಟ್ಟಿ ಮಲಗಿಸಿ ಬಂದೆ. ಎಲ್ಲಿದ್ದೆ? ಹಾಂ, ಜೂನ್ ಹತ್ತು. ಆ ತಾರೀಖು ಬರೆಸಿದವಳು ನಾನು.

ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ, ಸಂಕ್ರಾಂತಿ ಮುಗಿದ ಮೇಲೆ ಮನೆಯಲ್ಲಿ ಪಾಯಸ ಮಾಡ್ತೀರ, ಸ್ಕೂಲಲ್ಲಿ ಮಾತ್ರ ಜೂನಲ್ಲಿ ಚಪ್ಪಾಳೆ ತಟ್ತಾರೆ, ನಂಗ್ಯಾಕೆ ಎರಡು ಹುಟ್ಟಿದಬ್ಬ ಅಂತ. ನಗಿಸಿ ಮಾತು ಮರೆಸುತ್ತಿದ್ದೆ. ಆಗಿದ್ದು ಇಷ್ಟೇ. 2013ರ ಮೇ ತಿಂಗಳು, ನಮ್ಮೂರ ಶಾಲೆಯ ವೆಂಕಟರಾಮಪ್ಪ ಮೇಷ್ಟ್ರು ಇದೇ ಬಾಗಿಲಿಗೆ ಬಂದರು. "ಒಂದ್ನೇ ಕ್ಲಾಸಿಗೆ ಒಂದು ಮಗು ಕಮ್ಮಿ ಬಿದ್ದೈತೆ ಟೀಚರಮ್ಮ. ಸಂಖ್ಯೆ ತೋರಿಸ್ಲಿಲ್ಲ ಅಂದ್ರೆ ಸ್ಕೂಲ್ ಮುಚ್ಚಿ ಪಕ್ಕದೂರಿಗೆ ಸೇರಿಸ್ಬಿಡ್ತಾರೆ. ನಿಮ್ ತಾವ ಯಾವ್ದಾದ್ರೂ ಮಗು ಐತಾ ನೋಡಿ" ಅಂದರು. ನೋಡಿದೆ. ನಾಲ್ಕೂವರೆಯೂ ತುಂಬದ ನೀನು ಮೂಲೆಯಲ್ಲಿ ಕೂತು ಅಆಇಈ ಪೂರ್ತಿ ಒಪ್ಪಿಸುತ್ತಿದ್ದೆ. ನಾನು ಕಲಿಸಿದ ಮಗು ಅನ್ನುವ ಜಂಬ ನನಗೆ. ಈ ಮಗುವಿಗೆ ಆರು ತುಂಬಿದೆ ಅಂತ ಬರೆದು ಸಹಿ ಹಾಕಿ ಕೊಟ್ಟೆ. ಮೇಷ್ಟ್ರು ಲೆಕ್ಕ ಹಿಡಿದು ತಾರೀಖು ಹಾಕಿದರು. ಆ ವರ್ಷ ನಮ್ಮೂರಿನ ಅರ್ಧ ಕ್ಲಾಸು ಜೂನ್ ಹತ್ತರಂದೇ ಹುಟ್ಟಿತ್ತು.

ಶಾಲೆ ಉಳಿಯಿತು. ಪ್ರಾರ್ಥನೆಯ ಸಾಲಿನಲ್ಲಿ ವರ್ಷ ವರ್ಷವೂ ನೀನೇ ಮುಂದೆ ನಿಲ್ಲುತ್ತಿದ್ದೆ, ಎಲ್ಲರೂ ಕುಳ್ಳಿ ಅಂತಾರೆ ಅಂತ ಬಂದು ಅಳುತ್ತಿದ್ದೆ. ನೀನು ಕುಳ್ಳಿಯಾಗಿರಲಿಲ್ಲ ಮಗಳೇ, ಚಿಕ್ಕವಳಾಗಿದ್ದೆ.

ನೀನು ಹುಟ್ಟಿದ್ದು ನಮ್ಮ ಮನೆಯ ಒಳಕೋಣೆಯಲ್ಲಿ, ಆಂಬುಲೆನ್ಸ್ ಬರುವುದಕ್ಕೆ ಮುಂಚೆ. ಜನನ ಪತ್ರ ಮಾಡಿಸುವುದು ಇವತ್ತು ನಾಳೆ ಅಂತ ಹಾಗೇ ಉಳಿಯಿತು. ಬೇರೆ ಯಾವ ಪುರಾವೆಯೂ ಇಲ್ಲವಲ್ಲ ಅಂತ ಎದೆ ಬಡಿದುಕೊಳ್ಳುತ್ತಿದ್ದಾಗ ಹಳೆಯ ತೂಕದ ಪುಸ್ತಕಗಳ ನೆನಪಾಯಿತು. ಗೊತ್ತಲ್ಲ, ತಿಂಗಳಿಗೊಮ್ಮೆ ಮಕ್ಕಳನ್ನು ತಕ್ಕಡಿಯ ಜೋಲಿಯಲ್ಲಿ ಕೂರಿಸಿ ತೂಕ ಬರೆಯುತ್ತೇವೆ. ಹಳೆಯವನ್ನೆಲ್ಲ ಆಹಾರದ ಮೂಟೆಗೆ ಥಂಡಿ ಹಿಡಿಯದಿರಲಿ ಅಂತ ಅದರ ಕೆಳಗೆ ಹಾಸಿದ್ದೆ. ಶುಕ್ರವಾರ ಮೂಟೆ ಎಳೆದು ತೆಗೆದೆ. ಗೆದ್ದಲು ಮೂಲೆ ತಿಂದಿದೆ, ನಿನ್ನ ಸಾಲು ಬಿಟ್ಟಿದೆ. 19-1-2009, ಕವಿತಳ ಹೆಣ್ಣು ಮಗು, ಎರಡು ಕೆಜಿ ನೂರು ಗ್ರಾಂ. ಪಕ್ಕದಲ್ಲಿ ಸೂಪರ್‌ವೈಸರ್ ಸಹಿ. ಮೂಟೆಯ ಮೇಲೆ ಕೂತು ಅತ್ತುಬಿಟ್ಟೆ.

ನಿನ್ನೆ ಮಧ್ಯಾಹ್ನ ಅದನ್ನು ಸಮಿತಿಯ ಮೇಡಂಗೆ ತೋರಿಸಿದೆ. ಅವರು ಎರಡು ಸಲ ಹಾಳೆ ತಿರುವಿ, "ಇದನ್ನ ಒಪ್ಪಬೇಕಾದ್ರೆ ಸ್ಕೂಲಲ್ಲಿ ಬೇರೆ ತಾರೀಖು ಹೇಗೆ ಬಂತು ಅಂತ ನೀವೇ ಬರೆದು ಕೊಡ್ಬೇಕಾಗುತ್ತೆ. ಕೆಲಸ ಹೋಗ್ಬಹುದಮ್ಮ, ಯೋಚ್ನೆ ಮಾಡಿ" ಅಂದರು. ನಿವೃತ್ತಿಗೆ ಇನ್ನು ನಾಲ್ಕು ವರ್ಷ ಇದೆ. ಬಸ್ಸಿನಲ್ಲಿ ಕೂತು ಯೋಚನೆ ಮಾಡಿದೆ. ಮನೆಗೆ ಬಂದು ಹೇಳಿದರೆ ನಿನ್ನ ದೊಡ್ಡಪ್ಪ ಸಿದ್ದರಾಜು ಹಸುವಿನ ಮೈ ತೊಳೆಯುತ್ತಲೇ, "ಹೋದ್ರೆ ಹೋಗ್ಲಿ ಬಿಡು. ಮೊದ್ಲು ಮಗ ಬರ್ಲಿ ಮನೆಗೆ" ಅಂದರು. ಹೆಣ್ಣುಮಕ್ಕಳನ್ನೂ ಮಗ ಅಂತಲೇ ಕರೆಯುವುದು ಅವರಿಗೆ ಅಭ್ಯಾಸ. ಕಿಟಕಿಯ ಪಕ್ಕ ಮಂಚ ಹಾಕಿದ್ದಾರೆ. ನಿನ್ನ ಕಾಲೇಜಿನ ಪುಸ್ತಕಗಳನ್ನು ನಿನ್ನಪ್ಪ ಪಾಳಿಗೆ ಹೋದಾಗ ಅಜ್ಜಿಯ ಕಣ್ಣೆದುರೇ ಎತ್ತಿಕೊಂಡು ಬಂದೆ. ದ್ಯಾವಮ್ಮ ಬೈದಳು. ಅವಳು ಬೈಯುತ್ತಿದ್ದರೆ ನಾನು ಎಣಿಸಿಕೊಳ್ಳುತ್ತಿದ್ದೆ, ಆರೂ ಇವೆ.

ಹೊಟ್ಟೆ ತುಂಬ ಉಣ್ಣು. ತಲೆಗೆ ಎಣ್ಣೆ ಕೇಳಿ ಹಚ್ಚಿಕೋ. ಈ ಕಾಗದ ನಾಳೆ ನಿನ್ನ ದೊಡ್ಡಪ್ಪನ ಕೈಯಲ್ಲಿ ಬರುತ್ತದೆ. ನೀನು ಇಷ್ಟ ಬಂದಷ್ಟು ಓದಿ, ಇಷ್ಟ ಬಂದಾಗ ನಿನ್ನ ಮನೆ ನೀನು ಕಟ್ಟಿಕೊಳ್ಳುವಂತಾಗಲಿ. ದೇವರು ನಿನ್ನ ಬೆನ್ನಿಗಿರಲಿ.

ಇಂತಿ ನಿನ್ನ ದೊಡ್ಡಮ್ಮ,
ಮುನಿತಾಯಮ್ಮ

ಮತ್ತೆ:

ಬರೆಯಲು ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಮೂರು ಹಾಳೆ ಹರಿದದ್ದು ಇದಕ್ಕೇ. ಶನಿವಾರ ನೀನು ನನ್ನ ಎರಡೂ ಕೈ ಹಿಡಿದುಕೊಂಡು, "ಫೋನ್ ಮಾಡಿದ್ದು ನೀನೇ ಅಂತ ನಂಗೊತ್ತು ದೊಡ್ಡಮ್ಮ. ಅಷ್ಟು ಜನದಲ್ಲಿ ನೀನೊಬ್ಳೇ ನನ್ ಕಡೆ ಇದ್ದಿದ್ದು" ಅಂದೆ. ನಾನು ಇಲ್ಲ ಅನ್ನಲಿಲ್ಲ. ಊರೆಲ್ಲ ಬೈಯುವಾಗಲೂ ಇಲ್ಲ ಅನ್ನಲಿಲ್ಲ, ಆ ಬೈಗುಳ ನನಗೆ ಮರ್ಯಾದೆಯ ಹಾಗೆ ಕೇಳುತ್ತಿತ್ತು.

ಫೋನ್ ಮಾಡಿದವಳು ನಾನಲ್ಲ ನವ್ಯ. ಯಾರೋ ನನಗೆ ಗೊತ್ತಿಲ್ಲ, ಅವರ ಹೆಸರನ್ನು ಮಕ್ಕಳ ಸಹಾಯವಾಣಿಯವರು ಹೇಳುವುದಿಲ್ಲವಂತೆ. ನಿನಗೆ ಹದಿನಾರೇ ಅಂತ ಬರೆದಿಟ್ಟುಕೊಂಡವಳು ನಾನೊಬ್ಬಳೇ. ಬಾಯಿ ಬಿಟ್ಟರೆ ನನ್ನ ಸುಳ್ಳು ಹೊರಗೆ ಬರುತ್ತದೆ, ಕೆಲಸ ಹೋಗುತ್ತದೆ ಅಂತ ಒಂದು ತಿಂಗಳು ಸುಮ್ಮನಿದ್ದೆ. ಬುಧವಾರ ಅರಿಶಿನ ಕಲಸಿದವಳು ನಾನು. ತಾಯಿ ಇಲ್ಲದ ಮಗು, ದೊಡ್ಡಮ್ಮನೇ ಮೊದಲು ಹಚ್ಚಲಿ ಅಂದರು, ಹಚ್ಚಿದೆ. ನೀನು ಆಗ ನನ್ನ ಮುಖ ನೋಡಿದೆ. ನಾನು ಬಟ್ಟಲು ನೋಡಿಕೊಂಡು ನಿಂತೆ.

ಯಾರ ಜೊತೆ ಇರುತ್ತೀಯ ಅಂತ ಗುರುವಾರ ನಿನ್ನನ್ನು ಕೇಳುತ್ತಾರೆ. ಇದನ್ನು ತಿಳಿದುಕೊಂಡೇ ಹೇಳು. ನನ್ನ ಜೊತೆ ಬೇಡ, ಬಾಲಮಂದಿರವೇ ಸಾಕು ಅಂದರೂ ಸರಿ, ತೂಕದ ಪುಸ್ತಕವನ್ನು ಅಲ್ಲೇ ಕೊಟ್ಟು ಬರುತ್ತೇನೆ.