ಬಿದ್ದ ಮೇಲಿನ ಮಾತು

ಜೂನ್ 4, ಮಂಗಳವಾರ

ಕೌನ್ಸೆಲಿಂಗ್ ಶಿಬಿರದಲ್ಲಿ ಮತ್ತೆ ಹೊಸ ಮೇಡಂ. ಶಾಲೆಯ ಹಾಲ್, ನಡುವೆ ಪರದೆ, ಎರಡು ಪ್ಲಾಸ್ಟಿಕ್ ಕುರ್ಚಿ. "ಮೊದಲಿಂದ ಹೇಳಿ" ಅಂದರು. ಹೇಳಿದೆ. ಗಾರ್ಮೆಂಟ್ಸ್, ಕಾಲರ್ ಹೊಲಿಯುವ ಲೈನು, ಸ್ಲ್ಯಾಬ್ ಕುಸಿದದ್ದು... ಗಿಣಿಪಾಠ. ಸ್ಲ್ಯಾಬ್ ಬೀಳುವ ಹೊತ್ತಿಗೆ ಟೈಮ್ ಮುಗಿಯಿತು. ಪ್ರತಿ ಸಲ ಇದೇ ಕರ್ಮ. ನಾನು ಹೇಳಬೇಕಾದ್ದು ಬಿದ್ದ ಮೇಲಿನದು. ಅದನ್ನು ಹೇಳದೆ ನನಗೆ ನಿದ್ದೆಯಿಲ್ಲ.

ಮನೆಯಲ್ಲಿ ಅತ್ತಿಗೆ: "ಅಳೋದಕ್ಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಈರುಳ್ಳಿ ಹೆಚ್ಚು."

ಜೂನ್ 11

ಇನ್ನೊಬ್ಬರು. ತೀರ ಎಳೆಯವರು. ಮೊದಲಿಂದ.

ರೇಡಿಯೋ ವಿಷಯ ಹೇಳಿದೆ. ಪಕ್ಕದ ಮೆಷಿನ್ನಿನವಳು. ಬಾಯಿ ಮುಚ್ಚಿದ್ದೇ ಇಲ್ಲ, ಅದಕ್ಕೇ ಆ ಹೆಸರು. ಸೂಪರ್‌ವೈಸರ್ ಮೈಕಿನಲ್ಲಿ "ಸೈಲೆನ್ಸ್" ಅಂದರೆ ಇಡೀ ಫ್ಲೋರ್ ಗಪ್‌ಚುಪ್, ಇವಳೊಬ್ಬಳದು ಪಿಸಪಿಸ. ಬೈಗುಳ ಇಬ್ಬರಿಗೂ. ಹಾಗಾಗಿ ಮೈಕ್ ಕೇಳಿದ ಕೂಡಲೇ ನನ್ನ ಕೈ ಅವಳ ಬಾಯಿ ಮೇಲೆ. ಅವಳು ಅಂಗೈಯೊಳಗೇ ನಗುತ್ತಿದ್ದಳು.

ಸ್ಲ್ಯಾಬ್ ಬಿತ್ತು ಅಂದೊಡನೆ ಮೇಡಂ ಅಳತೊಡಗಿದರು. ನಾನೇ ನೀರು ಕೊಟ್ಟು ಸಮಾಧಾನ ಮಾಡಿದೆ. ಟೈಮ್ ಮುಗಿಯಿತು. ಅವರಿಗಾದರೂ ಹಗುರಾಗಿರಬೇಕು.

ಜೂನ್ 13

ರೇಡಿಯೋಳ ಅಮ್ಮ ಮನೆಗೆ ಬಂದಿದ್ದರು. ಸ್ಲ್ಯಾಬ್ ಬಿದ್ದ ಮರುದಿನ ನಮ್ಮಿಬ್ಬರನ್ನೂ ಒಟ್ಟಿಗೇ ಹೊರತೆಗೆದದ್ದು. ಉಸಿರಿದ್ದದ್ದು ನನಗೆ.

"ಕೊನೇಲಿ ಏನಂದ್ಲು ಮಗಳೇ?"

"ನಂಗೆ ಜ್ಞಾನ ತಪ್ಪಿತ್ತಮ್ಮ."

ಸುಳ್ಳು. ತಲೆ ಸವರಿ ಹೋದರು. ಸವರಬಾರದಿತ್ತು.

ಜುಲೈ 2

ಅತ್ತಿದ್ದ ಮೇಡಮ್ಮೇ ಮತ್ತೆ ಬಂದರು. ಇದುವರೆಗೆ ಯಾರೂ ಎರಡನೇ ಸಲ ಬಂದವರಲ್ಲ.

"ಸ್ಲ್ಯಾಬ್ ಬಿತ್ತು ಅಂದಿದ್ರಿ. ಆಮೇಲೆ?"

ಆಮೇಲೆ... ಆ ಒಂದು ಮಾತಿಗೆ ಎಷ್ಟು ಕಾದಿದ್ದೆ. ಬಾಯಿ ತೆರೆದೆ. ಪರದೆಯಾಚೆ ಮೈಕ್ ಕಿರ್ ಅಂದಿತು. "ದಯವಿಟ್ಟು ಎಲ್ರೂ ಸುಮ್ಮನಿರಿ. ಸಾಹೇಬ್ರು ಮಾತಾಡ್ತಾರೆ." ಇವತ್ತೇ ಶಿಬಿರದ ಕೊನೆ ದಿನವಂತೆ. ನನಗೆ ಯಾರೂ ಹೇಳಿರಲಿಲ್ಲ.

ಬಾಯಿ ತಾನಾಗಿ ಮುಚ್ಚಿಕೊಂಡಿತು. ಮತ್ತೆ ತೆರೆಯಲೇ ಇಲ್ಲ. ಭಾಷಣ ಮುಗಿಯುವವರೆಗೆ ಕೈಕಟ್ಟಿ ಕೂತೆ, ಒಳ್ಳೆ ಫ್ಲೋರಿನಲ್ಲಿದ್ದ ಹಾಗೆ. ಮೇಡಂಗೆ ಖುಷಿಯೋ ಖುಷಿ.

"ಎಷ್ಟು ಶಾಂತವಾಗಿದ್ದೀರಿ ನೋಡಿ. ಇನ್ನು ನೀವು ಬರೋ ಅಗತ್ಯನೇ ಇಲ್ಲ."

ಜುಲೈ 3, ಬೆಳಿಗ್ಗೆ

ಇನ್ನು ಕೇಳುವವರಿಲ್ಲ. ಬರೆದಾದರೂ ಬಿಡುತ್ತೇನೆ.

ಮೆಷಿನ್ನಿನ ಮೇಜಿನ ಕೆಳಗೆ ಇಬ್ಬರೂ. ನನ್ನ ಗಂಟಲಲ್ಲಿ ಬರೀ ಧೂಳು. ಕೂಗುತ್ತಿದ್ದವಳು ಅವಳೇ, ನಡುನಡುವೆ ತಮಾಷೆ ಬೇರೆ — "ಓವರ್‌ಟೈಮ್ ಬರ್ಕೊಳ್ಳೇ." ಮೇಲೆ ಹೆಜ್ಜೆ ಸದ್ದು. ಹತ್ತಿರ, ತಲೆಯ ಮೇಲೇ. ಆಮೇಲೆ ಮೈಕ್: "ಎಲ್ರೂ ಸುಮ್ಮನಿರಿ. ಒಳಗಿರೋರ ದನಿ ಕೇಳ್ಬೇಕು."

ಸುಮ್ಮನಿರಿ ಅಂದದ್ದು ಮೇಲೆ ನಿಂತವರಿಗೆ. ಅವಳಿಗೆ ಆಗಲೇ ಗೊತ್ತಾಯಿತು. ನನಗೆ ಹೊರಗೆ ಬಂದ ಮೇಲೆ ಗೊತ್ತಾಯಿತು. ಕೂಗಲು ಅವಳು ಉಸಿರೆಳೆದುಕೊಂಡಳು. ಮೈಕ್ ಕೇಳಿದ್ದೇ ತಡ ನನ್ನ ಕೈ... ಅವಳು ತಲೆ ಕೊಡವಿದಳು, ಕಚ್ಚಿದಳು, ಬಿಡಲಿಲ್ಲ ನಾನು. ಹೆಜ್ಜೆಗಳು ಆಚೆ ಹೋದವು. ಅಂಗೈಯೊಳಗೆ ಅವಳು ಏನೋ ಅಂದಳು, ಅದು