ನಾನೇ ಸುಲಿದ ಕಾಯಿ

ಲೇ ತೋಂಟದಾರ್ಯ,

ನೀನು ಹೋಗಿ ಎರಡು ವರ್ಷಕ್ಕೆ, ನಿನಗೆ ಹೊಡೆದ ಲಕ್ವವೇ ನನಗೂ ಹೊಡೆಯಿತು. ದಿನಕ್ಕೆ ಸಾವಿರ ಕಾಯಿ ಸುಲಿದ ಈ ಕೈಗೆ ಫಿಸಿಯೋಥೆರಪಿ ಹುಡುಗಿ ರಬ್ಬರ್ ಚೆಂಡು ಕೊಟ್ಟು, ಹಿಸುಕಿ ಅಂದಳು. ಮಾನ ಬಿಟ್ಟು ನಾಲ್ಕು ತಿಂಗಳು ಹಿಸುಕಿದೆ. ಇವತ್ತು ಕಬ್ಬಿಣದ ಗೂಟಕ್ಕೆ ಚುಚ್ಚಿ ಒಂದು ಕಾಯಿ ನಾನೇ ಸುಲಿದೆ. "ಜುಟ್ಟು ಬಿಡೋದು ಮರೆತ್ರಲ್ಲ ತಾತ" ಅಂದಳು ಆ ಹುಡುಗಿ. ಸುಲಿಯುವುದನ್ನು ನನಗೆ ಹೇಳಿಕೊಡುತ್ತಾಳೆ, ನೋಡು.

ಪಕ್ಕದಲ್ಲಿದ್ದ ನಿನ್ನ ಹೆಂಡತಿ ಗಿರಿಜಾಂಬಿಕಾ ನಗಲಿಲ್ಲ. "ನಮ್ಮನೆಯೋರಿಗೂ ಇಂಥದೇ ಚೆಂಡು ಕೊಟ್ಟಿದ್ರು ಕಣಣ್ಣ. ಯಾರೋ ಮಕ್ಕಳಾಟ ಅಂತ ನಕ್ರಂತೆ, ಎಸೆದುಬುಟ್ರು. ಆಮೇಲೆ ಹಾಸಿಗೆ ಬಿಟ್ಟು ಏಳಲೇ ಇಲ್ಲ" ಅಂದಳು.

ಯಾರು ಅಂತ ನಾನು ಹೇಳಲಿಲ್ಲ.

ನಲವತ್ತು ವರ್ಷ ನನ್ನ ಒಂದು ಮಾತನ್ನೂ ಕೇಳದವನು, ಅದೊಂದನ್ನು ಯಾಕ್ಲಾ ಕೇಳಿದೆ?