ಕೆಲೆರಾ ಕೇಳಿದ್ದು

ರೋಟುಮಾ ದ್ವೀಪ

ಪ್ರಿಯ ಸೈನಿಮೆರೆ,

ಹಡಗು ಕ್ಷೇಮವಾಗಿ ತಂದು ಮುಟ್ಟಿಸಿತು. ಇಲ್ಲಿಯ ಶಾಲೆ ಚೆನ್ನಾಗಿದೆ, ಮಕ್ಕಳು ಬಲು ಮಾತುಗಾರರು. ಕಿವಿ ಕೇಳದ ಮಗು ಒಂದೂ ಇಲ್ಲ. ನನ್ನ ಕೈಗಳಿಗೆ ಕೆಲಸವೇ ಇಲ್ಲದಂತಾಗಿದೆ.

ನಿಮ್ಮ ಮಗಳಿಗಾಗಿ ಈ ವರ್ಗಾವಣೆ ತಪ್ಪಿಸಲು ಶಿಕ್ಷಣ ಇಲಾಖೆಯ ಸಾಹೇಬರ ಮುಂದೆ ಹೋಗಿ ನಿಂತಿದ್ದೆ. ಕಿವಿ ಕೇಳದ ಕೆಲೆರಾಳ ಜೊತೆ ಕೈಭಾಷೆಯಲ್ಲಿ ಮಾತಾಡುವವಳು ಸವುಸವು ಊರಿನಲ್ಲಿ ನಾನೊಬ್ಬಳೇ ಎಂದೆ. "ವರ್ಗ ಅಂದ ತಕ್ಷಣ ಎಲ್ಲ ಟೀಚರಿಗೂ ಒಂದೊಂದು ಮಗು ನೆನಪಾಗುತ್ತೆ ಕಣಮ್ಮ" ಎಂದು ನಕ್ಕುಬಿಟ್ಟರು.

ಕೈಭಾಷೆ ನೀವೂ ಕಲಿಯಿರಿ ಎಂದಾಗಲೆಲ್ಲ, "ಮೀನು ಮಾರೋದು ಬಿಟ್ಟು ಕೈ ಆಡಿಸ್ತಾ ಕೂರ್ಲಾ? ನೀವಿದ್ದೀರಲ್ಲ" ಅನ್ನುತ್ತಿದ್ದಿರಿ. ಇರುತ್ತೇನೆಂದೇ ನಾನೂ ನಂಬಿದ್ದೆ. ಇನ್ನು ಅವಳಿಂದಲೇ ದಿನಕ್ಕೊಂದು ಮಾತಾದರೂ ಕಲಿಯಿರಿ. ಹಸಿವು, ನೋವು, ಭಯ, ಇವು ಮೊದಲು ಬೇಕಾಗುತ್ತವೆ.

ಹಡಗು ಹೊರಟಾಗ ಅವಳು ಕಟ್ಟೆಯ ಮೇಲೆ ನಿಮ್ಮ ಪಕ್ಕದಲ್ಲೇ ನಿಂತು, ಕೈಸನ್ನೆಯಲ್ಲಿ ನನ್ನನ್ನು ಕೇಳಿದಳು: "ಇನ್ಮೇಲೆ ನಾನು ಯಾರ ಹತ್ರ ಮಾತಾಡ್ಲಿ?" ನಾನು ನಿಮ್ಮತ್ತ ಬೆರಳು ತೋರಿಸಿದೆ. ನಿಮಗೆ ವಿದಾಯ ಹೇಳಿದೆನೆಂದುಕೊಂಡು ನೀವು ನಗುತ್ತಾ ಕೈ ಬೀಸಿದಿರಿ.

ನಿಮ್ಮ ಮನೆಯ ನೆನಪಿನಲ್ಲಿ,
ವಿಲಿಸಿ ಟೀಚರ್